‘ಮಣ್ಣಾಗುವ’ ಚಮಚ ತೊಳೆದಿಟ್ಟಿದ್ದೇನೆ, ಯಾರಿಗಾದರೂ ಬೇಕಾ?

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಫೋನಿನಲ್ಲಿ ಒಂದು ವಿಡಿಯೋ ನೋಡಿದೆ, ಮರುಳಾದೆ, ಗೃಹಪ್ರವೇಶದ ಊಟಕ್ಕೆ ‘ಮಣ್ಣಾಗುವ’ ತಟ್ಟೆ, ಲೋಟ, ಚಮಚ ಅಂತ 11,640 ರೂಪಾಯಿ ಕಟ್ಟಿದೆ. ಈಗ ಮತ್ತೆ ಮದುವೆ, ಗೃಹಪ್ರವೇಶಗಳ ಸೀಸನ್ ಶುರುವಾಗುತ್ತಿದೆ. ಅದೇ ವಿಡಿಯೋ ಮತ್ತೆ ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. ನನ್ನ ತಂಗಿಯೇ ನಿನ್ನೆ ಅದನ್ನು ನನಗೆ ಕಳಿಸಿ ‘ಚೆನ್ನಾಗಿದೆ ಅಲ್ವಾ?’ ಅಂತ ಕೇಳಿದಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕಂಪನಿಯ ಹೆಸರು, ನಟರ ಹೆಸರು ಹಾಕುವುದಿಲ್ಲ. ಇಂಥ ಕಂಪನಿ ಇದೊಂದೇ ಅಲ್ಲ.

ವಿಡಿಯೋದಲ್ಲಿ ನಟ ಬರಿಗಾಲಲ್ಲಿ ಕಾಡಿನೊಳಗೆ ನಡೆಯುತ್ತಾರೆ. ಹಿಂದೆ ಕೊಳಲು. ಒಂದು ಎಲೆ ಕಿತ್ತು ಮೂಸುತ್ತಾರೆ. ಆಮೇಲೆ ನಮ್ಮ ಕಡೆ ತಿರುಗಿ, ನಮ್ಮ ಮನೆಯ ಹಬ್ಬ ಭೂಮಿತಾಯಿಗೆ ಭಾರ ಆಗಬಾರದು ಅನ್ನುತ್ತಾರೆ. ನಾನು ಕಾಲೇಜಿನಲ್ಲಿದ್ದಾಗ ಇವರ ಸಿನಿಮಾಕ್ಕೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಕೊಂಡವಳು. ಇವರೇ ಒಂದು ತಂಪು ಪಾನೀಯಕ್ಕೂ ಒಂದು ದೊಡ್ಡ ಡೀಸೆಲ್ ಕಾರಿಗೂ ಜಾಹೀರಾತು ಕೊಡುತ್ತಾರೆ ಅನ್ನುವುದು ಆಗ ನೆನಪಿಗೇ ಬರಲಿಲ್ಲ.

ಪ್ಯಾಕೇಜು ಹೀಗಿತ್ತು: 250 ಜನರಿಗೆ ತಟ್ಟೆ, ಲೋಟ, ಚಮಚ, ತಾಂಬೂಲ ಕೊಡಲು ಚೀಲ. ಎಲ್ಲವೂ ‘ನೂರಕ್ಕೆ ನೂರು ಪ್ರಕೃತಿಗೆ ವಾಪಸ್’. 90 ದಿನದಲ್ಲಿ ನಿಮ್ಮ ತೋಟದಲ್ಲೇ ಮಣ್ಣಾಗುತ್ತದೆ ಅಂತ ದೊಡ್ಡ ಅಕ್ಷರದಲ್ಲಿತ್ತು. ಮೇಲಿಂದ ನಮ್ಮ ಹೆಸರಲ್ಲಿ 25 ಗಿಡ ನೆಡುತ್ತಾರಂತೆ.

ನನ್ನ ತವರು ಶಿರಸಿ ಕಡೆ. ಅಡಿಕೆ ತೋಟದ ಮನೆ. ಗೃಹಪ್ರವೇಶದ ಸುದ್ದಿ ಕೇಳಿದ ಕೂಡಲೇ ಆಯಿ, ಅಂದರೆ ನನ್ನಮ್ಮ, ಫೋನು ಮಾಡಿ, ‘ಬಾಳೆ ಎಲೆ ಬಸ್ಸಿಗೆ ಹಾಕಿ ಕಳಸ್ತೆ. ಹಾಳೆ ತಟ್ಟೆನೂ ಇದ್ದು’ ಅಂದಳು. ನಾನು, ‘ಬ್ಯಾಡ ಆಯಿ, ಈ ಸಲ ಇಕೋ ಫ್ರೆಂಡ್ಲಿ ಮಾಡ್ತಾ ಇದ್ಯ’ ಅಂದೆ. ಅಡಿಕೆ ಮರದಿಂದ ತಾನಾಗಿ ಉದುರಿದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವ ತಟ್ಟೆ ಅದು. ಅಂಟಿಲ್ಲ, ಬಣ್ಣವಿಲ್ಲ. ದನದ ಕೊಟ್ಟಿಗೆ ಇರುವ ಮನೆಯಲ್ಲಿ ಹುಟ್ಟಿದವಳು ಅದಕ್ಕೆ ಬೇಡ ಅಂದೆ. ಆಯಿ ಒಂದು ಕ್ಷಣ ಸುಮ್ಮನಿದ್ದು, ‘ಹಂಗಾರೆ ಸರಿ’ ಅಂತ ಫೋನಿಟ್ಟಳು. ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ಫೆಬ್ರವರಿಯಲ್ಲಿ ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಬಂದವರೆಲ್ಲ ಚಮಚ ತಿರುಗಿಸಿ ನೋಡಿ ‘ಇದು ಜೋಳದಿಂದ ಮಾಡಿದ್ದಾ?’ ಅಂತ ಕೇಳಿದ್ದೇ ಕೇಳಿದ್ದು. ನಾನು ಬೀಗಿದ್ದೇ ಬೀಗಿದ್ದು. ತಲೆನೋವು ಶುರುವಾಗಿದ್ದು ಮಾರನೇ ದಿನ ಬೆಳಿಗ್ಗೆ. ಬೆಂಗಳೂರಿನಲ್ಲಿ ಕಸ ವಿಂಗಡಿಸಿ ಕೊಡಬೇಕಲ್ಲ. ನಾನು ಎಲ್ಲವನ್ನೂ ಹಸಿ ಕಸದ ಜೊತೆ ಇಟ್ಟಿದ್ದೆ. ಗಾಡಿ ಜೊತೆ ಬಂದ ಪೌರಕಾರ್ಮಿಕ ಹೆಂಗಸು ಒಂದು ಲೋಟ ಹರಿದು, ಒಳಗಿನ ಪೊರೆಯನ್ನು ಉಗುರಿನಲ್ಲಿ ಕೆರೆದು ತೋರಿಸಿದರು.

‘ಮೇಡಂ, ಇದು ಪ್ಲಾಸ್ಟಿಕ್ಕು.’

ನಾನು ಚೀಲದ ಮೇಲಿನ ಹಸಿರು ಎಲೆಯ ಚಿತ್ರ ತೋರಿಸಿದೆ. ಅವರು ನಕ್ಕರು. ‘ಎಲೆ ಚಿತ್ರ ಎಲ್ಲಾ ಕವರ್ ಮೇಲೂ ಇರ್ತದೆ ಮೇಡಂ. ಹಸಿ ಕಸಕ್ಕೆ ಹಾಕಿದ್ರೆ ನಮಗೆ ಬೈತಾರೆ. ಒಣ ಕಸದವ್ರೂ ಇದನ್ನ ತಗೊಳ್ಳಲ್ಲ.’

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಇದು ಮಾಮೂಲಿ ಪ್ಲಾಸ್ಟಿಕ್ ಜೊತೆ ಸೇರಿದರೆ ಮರುಬಳಕೆ ಕೆಡುತ್ತದೆ. ಹಸಿ ಕಸದ ಜೊತೆ ಹೋದರೆ ಆರಿಸಿ ಎಸೆಯುತ್ತಾರೆ. ಕೊನೆಗೆ ಹೋಗುವುದು ಊರಾಚೆಯ ಗುಡ್ಡೆಗೆ. ಮಂಡೂರು, ಮಾವಳ್ಳಿಪುರದವರು ನಮ್ಮ ಕಸದ ನಾತ ತಡೆಯಲಾರದೆ ಬೀದಿಗಿಳಿದದ್ದು ನೆನಪಿದೆಯಲ್ಲ, ಅಂಥ ಗುಡ್ಡೆಗೆ.

ಹಟ ನನಗೂ ಇದೆ. ತೋಟದಲ್ಲಿ ಮಣ್ಣಾಗುತ್ತದೆ ಅಂದರಲ್ಲ, ತೋಟವೇ ಇದೆಯಲ್ಲ! ಒಂದು ಗೋಣಿಚೀಲದಷ್ಟು ತೊಳೆದು ಒಣಗಿಸಿ ಇಟ್ಟುಕೊಂಡು, ಯುಗಾದಿಗೆ ಊರಿಗೆ ಹೋದಾಗ ಗೊಬ್ಬರಗುಂಡಿಗೆ ಸುರಿದೆ. ಮೇಲೆ ಸಗಣಿ, ಸೊಪ್ಪು. ಆಮೇಲೆ ಮಳೆಗಾಲ. ನಮ್ಮ ಕಡೆಯ ಮಳೆ ಗೊತ್ತಲ್ಲ, ಕಬ್ಬಿಣವೂ ಕರಗಬೇಕು.

ದೀಪಾವಳಿಗೆ ಹೋದಾಗ ಗುಂಡಿ ತೆಗೆಸಿದೆವು. ಸುಳ್ಳು ಹೇಳಬಾರದು, ಕಬ್ಬಿನ ಸಿಪ್ಪೆಯ ತಟ್ಟೆಗಳು ಪೂರ್ತಿ ಹೋಗಿದ್ದವು. ಲೋಟದ ಕಾಗದವೂ ಹೋಗಿತ್ತು. ಆದರೆ ಒಳಗಿನ ಪೊರೆ ಹಾಗೇ ಇತ್ತು. ಲೋಟದ್ದೇ ಆಕಾರದಲ್ಲಿ, ಹಾವು ಬಿಟ್ಟ ಪೊರೆಯ ಹಾಗೆ, ಒಂದರ ಮೇಲೊಂದು ಅಂಟಿಕೊಂಡು. ಚೀಲಗಳು ಚೂರುಚೂರಾಗಿ ಗೊಬ್ಬರದ ತುಂಬ ಹರಡಿದ್ದವು. ಚಮಚಗಳಂತೂ ಕೊಂಚ ಬಿಳಚಿಕೊಂಡಿದ್ದು ಬಿಟ್ಟರೆ ಗಟ್ಟಿಮುಟ್ಟು. ಆಯಿ ಒಂದನ್ನು ಎತ್ತಿ ಅಬ್ಬಿ ನೀರಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಿದಳು. ‘ಇದು ಕರಗಿದ್ದಿಲ್ಲೆ ಕೂಸೆ. ಇನ್ನೊಂದು ಗೃಹಪ್ರವೇಶಕ್ಕೆ ಅಕ್ಕು.’

ಆ ಚೂರುಗಳನ್ನು ಗೊಬ್ಬರದಿಂದ ಆರಿಸಲು ಇಬ್ಬರು ಆಳಿಗೆ ಒಂದಿಡೀ ದಿನ ಹಿಡಿಯಿತು. ಕೂಲಿ ನಾನೇ ಕೊಟ್ಟೆ.

ಆಮೇಲೆ ಓದಿಕೊಂಡೆ. ಮೊದಲೇ ಓದಬೇಕಿತ್ತು. ಮೆಕ್ಕೆಜೋಳದಂಥ ಬೆಳೆಯ ಪಿಷ್ಟದಿಂದ ಮಾಡುವ ಈ ವಸ್ತುವಿಗೆ ಪಿಎಲ್‌ಎ ಅನ್ನುತ್ತಾರೆ. ಅದು ಕಳಿಯುವುದು ಹೌದು, ಆದರೆ ಸುಮಾರು 58 ಡಿಗ್ರಿ ಬಿಸಿ ವಾರಗಟ್ಟಲೆ ಬಿಡದೆ ಇದ್ದರೆ ಮಾತ್ರ. ಅಂಥ ಬಿಸಿ ಸಿಗುವುದು ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ. ಮನೆಯ ಗುಂಡಿ ನಾಲ್ಕಾರು ದಿನ ಹಬೆಯಾಡಿ ತಣ್ಣಗಾಗುತ್ತದೆ. ಇದನ್ನು ಪ್ಯಾಕೆಟ್ಟಿನ ತಳದಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಅವರೂ ಬರೆದಿದ್ದರು. ಭೂತಗನ್ನಡಿ ಹಿಡಿದು ಓದಿದ ಮೇಲೆ ಗೊತ್ತಾಯಿತು.

ಇನ್ನು ಗಿಡಗಳ ಕಥೆ. ಹಣ ಕಟ್ಟಿದ ಮೂರನೇ ದಿನವೇ ಪ್ರಮಾಣಪತ್ರ ಬಂದಿತ್ತು, ನಟರ ಸಹಿ ಸಮೇತ. ‘ನಿಮ್ಮ 25 ಗಿಡಗಳನ್ನು ನೆಡಲಾಗಿದೆ.’ ಫೆಬ್ರವರಿಯಲ್ಲಿ! ಮುಂಗಾರಿಗೆ ಮೂರೂವರೆ ತಿಂಗಳಿರುವಾಗ ಬಯಲುಸೀಮೆಯಲ್ಲಿ ಯಾರು ಗಿಡ ನೆಡುತ್ತಾರೆ? ರೈತರ ಮನೆಯ ಮಗಳಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪ್ರಮಾಣಪತ್ರವನ್ನು ಸ್ಟೇಟಸ್‌ಗೆ ಹಾಕಿಕೊಂಡೆ.

ಅದರಲ್ಲಿ ಜಾಗದ ಗುರುತು ಕೊಟ್ಟಿದ್ದರು, ಹಿರಿಯೂರಿನ ಕಡೆ, ಹೆದ್ದಾರಿಯಿಂದ ಒಳಗೆ. ದೀಪಾವಳಿ ಮುಗಿಸಿ ವಾಪಸ್ ಬರುವಾಗ ಕಾರು ತಿರುಗಿಸಿದೆವು. ನಟರ ಮುಖ ಇರುವ ಬೋರ್ಡು ಬಿಸಿಲಿಗೆ ಬೆಳ್ಳಗಾಗಿ ನಿಂತಿತ್ತು. ಸಾಲು ಗುಂಡಿಗಳು. ಗುಂಡಿಗೊಂದು ಒಣಕಡ್ಡಿ. ಕಡ್ಡಿಗೊಂದು ಚೀಟಿ ಕಟ್ಟಿತ್ತು, ಮೇಲೆ ‘ನಾನು ನಿಮ್ಮ ಮರ’ ಅಂತ ಬರೆದಿತ್ತು. ಚೀಟಿ ಪ್ಲಾಸ್ಟಿಕ್ಕಿನದು, ಅದಕ್ಕೇ ಅದೊಂದು ಉಳಿದಿತ್ತು. ಕುರಿ ಮೇಯಿಸುತ್ತಿದ್ದ ಅಜ್ಜ ಹತ್ತಿರ ಬಂದರು. ‘ಸಿನಿಮಾದೋರು ಬಂದಿದ್ರು ಕಣಮ್ಮ. ಒಂದು ಟ್ಯಾಂಕರ್ ನೀರೂ ತಂದಿದ್ರು. ಫೋಟೋ ಆಯ್ತು, ಹೋದ್ರು. ಮತ್ತೆ ಯಾರೂ ಈ ಕಡೆ ತಲೆ ಹಾಕಿಲ್ಲ.’

ಸಾಲುಮರದ ತಿಮ್ಮಕ್ಕ ಹುಲಿಕಲ್ಲಿನಿಂದ ಕುದೂರಿನವರೆಗೆ ಬೆಳೆಸಿದ ಆಲದ ಮರಗಳ ಲೆಕ್ಕ 385. ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತು, ದನ ತಿನ್ನದ ಹಾಗೆ ಮುಳ್ಳು ಕಟ್ಟಿ ಕಾದರು. ನೆಡುವುದು ಒಂದು ದಿನದ ಕೆಲಸ, ಉಳಿದದ್ದೆಲ್ಲ ನೀರಿನ ಕೆಲಸ. ಆ ಭಾಗಕ್ಕೆ ಯಾವ ಕ್ಯಾಮೆರಾವೂ ಬರುವುದಿಲ್ಲ.

ನಟರ ಮೇಲೆ ನನಗೆ ಈಗ ಸಿಟ್ಟಿಗಿಂತ ಬೇಸರವೇ ಜಾಸ್ತಿ. ಆದರೆ ಈ ಆಟ ಹಳೆಯದು. ಅಮೆರಿಕದಲ್ಲಿ 1971ರಲ್ಲಿ ಒಂದು ಟಿವಿ ಜಾಹೀರಾತು ಬಂತು. ಮೂಲನಿವಾಸಿ ವೇಷದ ನಟನೊಬ್ಬ ರಸ್ತೆ ಬದಿಯ ಕಸ ನೋಡಿ ಕಣ್ಣೀರು ಹಾಕುತ್ತಾನೆ. ಕಸ ಮಾಡುವವರು ಜನರು, ನಿಲ್ಲಿಸಬೇಕಾದವರೂ ಜನರೇ ಅನ್ನುವುದು ಅದರ ಮಾತು. ಜಾಹೀರಾತು ಮಾಡಿಸಿದ ಸಂಸ್ಥೆಯ ಹಿಂದೆ ಇದ್ದದ್ದು ಪಾನೀಯದ ಮತ್ತು ಡಬ್ಬಿ, ಬಾಟಲಿ ತಯಾರಿಸುವ ಕಂಪನಿಗಳು. ಖಾಲಿ ಬಾಟಲಿ ವಾಪಸ್ ಪಡೆಯುವ ಕಾನೂನು ಬೇಡ ಅಂತ ಹಟ ಹಿಡಿದವರೂ ಅದೇ ಬಳಗದವರು. ಅಳುವ ನಟನೂ ಮೂಲನಿವಾಸಿಯಲ್ಲ, ಇಟಲಿ ಮೂಲದವನು ಅಂತ ಆಮೇಲೆ ಗೊತ್ತಾಯಿತು.

ನಮ್ಮೂರ ಕಡೆ ಸಾಲ್ಕಣಿಯವರು 1983ರ ಸೆಪ್ಟೆಂಬರಿನಲ್ಲಿ ಕಳಸೆ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡು ನಿಂತರು. ಕಡಿಯಲು ಬಂದವರಿಗೆ ‘ಕಡಿಯಬೇಡಿ’ ಅಂದರು, ಅಷ್ಟೇ. ಯಾರಿಗೂ ಏನನ್ನೂ ಮಾರಲಿಲ್ಲ. ನನ್ನ ನಟ ಯಾವ ಕಂಪನಿಗೂ ‘ನಿಲ್ಲಿಸಿ’ ಅನ್ನಲಿಲ್ಲ. ನನಗೆ ‘ಕೊಳ್ಳಿ’ ಅಂದರು.

ಕೊಳ್ಳುವ ಚಟ ಚೀಲದಲ್ಲೂ ಇದೆ. ನಮ್ಮ ಮನೆಯಲ್ಲಿ ಭೂಮಿ ಉಳಿಸಿ ಅಂತ ಬರೆದ ಬಟ್ಟೆ ಚೀಲ ಈಗ 17 ಇವೆ, ಎಲ್ಲಾ ಸಮಾರಂಭದಲ್ಲಿ ಕೊಟ್ಟದ್ದು. ಡೆನ್ಮಾರ್ಕ್ ಸರ್ಕಾರದ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿಸಿತ್ತು. ಹವಾಮಾನದ ಮೇಲಿನ ಪರಿಣಾಮ ಒಂದನ್ನೇ ಹಿಡಿದರೂ, ಹತ್ತಿ ಚೀಲವನ್ನು ಕನಿಷ್ಠ 52 ಸಲ ಬಳಸಿದರೆ ಅದು ಒಂದು ಸಾದಾ ಪ್ಲಾಸ್ಟಿಕ್ ಚೀಲಕ್ಕೆ ಸಮ. ಸಾವಯವ ಹತ್ತಿಯದಾದರೆ 149 ಸಲ. ನನ್ನ 17ರಲ್ಲಿ ತರಕಾರಿಗೆ ಹೋಗುವುದು ಎರಡು.

ಸರಿ, ನೀವು ಏನು ನೋಡಬೇಕು? ‘ಇಕೋ ಫ್ರೆಂಡ್ಲಿ’, ‘ಗ್ರೀನ್’, ‘ನ್ಯಾಚುರಲ್’ ಅನ್ನುವ ಪದಗಳನ್ನು ಬಿಟ್ಟುಬಿಡಿ. ಕಂಪೋಸ್ಟಬಲ್, ಅಂದರೆ ಗೊಬ್ಬರವಾಗುವ ಚೀಲ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದಿರಬೇಕು, ಅದರ ಸಂಖ್ಯೆ ಚೀಲದ ಮೇಲೆ ಇದೆಯಾ ನೋಡಿ. ನನ್ನ ಚೀಲದ ಮೇಲೆ ಎಲೆ ಇತ್ತು, ಸಂಖ್ಯೆ ಇರಲಿಲ್ಲ. ಸಂಖ್ಯೆ ಇದ್ದರೂ ಅದು ಎಲ್ಲಿ ಕಳಿಯುತ್ತದೆ, ನಿಮ್ಮ ಬೀದಿಯ ಕಸದ ಗಾಡಿಯವರು ತೆಗೆದುಕೊಳ್ಳುತ್ತಾರಾ ಅಂತ ಕೊಳ್ಳುವ ಮುಂಚೆ ಅವರನ್ನೇ ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ನಟರಿಗೂ ಗೊತ್ತಿಲ್ಲ. ಗಿಡ ನೆಡುತ್ತೇವೆ ಅಂದರೆ ಎಷ್ಟು ನೆಡುತ್ತೀರಿ ಅಂತ ಕೇಳಬೇಡಿ, ಎರಡು ಬೇಸಿಗೆ ನೀರು ಹಾಕುವವರು ಯಾರು ಅಂತ ಕೇಳಿ.

ದೂರು ಕೊಡುವ ದಾರಿಯೂ ಇದೆ. ಪರಿಸರದ ಹೆಸರಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ತಂದಿದೆ. ಇಂಥ ಮಾತು ಆಡಿದರೆ ಪುರಾವೆ ಇರಬೇಕು ಅನ್ನುತ್ತದೆ ಅದು. ಸುಳ್ಳು ಜಾಹೀರಾತಿನಲ್ಲಿ ಮುಖ ತೋರಿಸಿದವರಿಗೂ 2019ರ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಾನು ಬಿಲ್ಲು, ಪ್ಯಾಕೆಟ್ಟಿನ ಫೋಟೋ, ಗುಂಡಿಯ ಫೋಟೋ ಎಲ್ಲಾ ಇಟ್ಟುಕೊಂಡು ದೂರು ದಾಖಲಿಸಿದ್ದೇನೆ. ನೀವೂ ಪ್ಯಾಕೆಟ್ ಎಸೆಯಬೇಡಿ, ಬಿಲ್ಲಿನ ಜೊತೆ ಎತ್ತಿಡಿ.

ಕಂಪನಿಯಿಂದ ದೂರಿಗೆ ಉತ್ತರ ಇನ್ನೂ ಬಂದಿಲ್ಲ. ಮೊನ್ನೆ ಒಂದು ಮೇಲ್ ಮಾತ್ರ ಬಂತು. ನಟರು ನಗುತ್ತಾ ಕೈ ಮುಗಿದಿದ್ದಾರೆ. ‘ನಿಮ್ಮ 25 ಮರಗಳಿಗೆ ಮೊದಲ ಹುಟ್ಟುಹಬ್ಬದ ಶುಭಾಶಯಗಳು! ಈ ಖುಷಿಗೆ ಮುಂದಿನ ಆರ್ಡರ್ ಮೇಲೆ 15 ಪರ್ಸೆಂಟ್ ರಿಯಾಯಿತಿ.’