ಪುಲ್ಯಾದ ಮೂರು ಕೆಂಪು ವೈನ್: ಊಟಕ್ಕೆ ಯಾವುದು?

ದಕ್ಷಿಣ ಇಟಲಿಯ ಪುಲ್ಯಾದಲ್ಲಿ ಕೆಂಪು ವೈನ್ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಮೊದಲು ತೋರಿಸುವುದು ಪ್ರಿಮಿತಿವೊ ದಿ ಮಂದೂರಿಯಾ, ಅಂದರೆ ಮಂದೂರಿಯಾ ಸೀಮೆಯ ಪ್ರಿಮಿತಿವೊ ದ್ರಾಕ್ಷಿಯ ವೈನ್. ನಾನೂ ಬಹುಕಾಲ ಅದನ್ನೇ ಕೊಳ್ಳುತ್ತಿದ್ದೆ. ಅದರ ಪಕ್ಕದಲ್ಲೇ ಜೋಯಾ ದೆಲ್ ಕೊಲ್ಲೆಯ ಪ್ರಿಮಿತಿವೊ ಮತ್ತು ಸಾಲಿಚೆ ಸಲೆಂತಿನೊ ಇಟ್ಟುಕೊಂಡು, ಒಂದೇ ಊಟದ ಜೊತೆ ಮೂರನ್ನೂ ಕುಡಿದು ನೋಡಿದ ಮೇಲೆ ನನ್ನ ಆಯ್ಕೆ ಬದಲಾಗಿದೆ.

ಮಂದೂರಿಯಾ ಅಯೋನಿಯನ್ ಸಮುದ್ರಕ್ಕೆ ಹತ್ತಿರದ, ಕೆಂಪು ಮಣ್ಣಿನ ತಗ್ಗು ಸೀಮೆ. ಪ್ರಿಮಿತಿವೊ ಬೇಗ ಮಾಗುವ ತಳಿ; ಇಲ್ಲಿನ ಬಿಸಿಲಿಗೆ ಆಗಸ್ಟ್ ಕೊನೆಯಲ್ಲೇ ಕೊಯ್ಲು ಶುರುವಾಗುವುದುಂಟು. ಒಂದೇ ಗೊಂಚಲಿನಲ್ಲಿ ಕೆಲವು ಹಣ್ಣು ಇನ್ನೂ ಹಸಿಯಾಗಿರುವಾಗಲೇ ಕೆಲವು ಒಣದ್ರಾಕ್ಷಿಯಾಗುತ್ತಿರುತ್ತವೆ. ಸಕ್ಕರೆ ಹೆಚ್ಚಿದಷ್ಟೂ ಆಲ್ಕೋಹಾಲ್ ಏರುತ್ತದೆ. ನಿಯಮದ ಪ್ರಕಾರವೇ ಕನಿಷ್ಠ ಶೇ. 13.5 ಇರಬೇಕು, ಬಾಟಲಿಯ ಮೇಲೆ 14.5 ಕಾಣುವುದು ಮಾಮೂಲು. ಹಿಂದೆ ಪುಲ್ಯಾದ ವೈನ್ ಟ್ಯಾಂಕರ್‌ಗಳಲ್ಲಿ ಉತ್ತರಕ್ಕೆ ಹೋಗಿ ಅಲ್ಲಿನ ತೆಳು ವೈನಿಗೆ ಬಣ್ಣ, ಬಲ ತುಂಬುತ್ತಿತ್ತು. ಆಗ ಬೇಕಿದ್ದುದೂ ಈ ಶಕ್ತಿಯೇ.

ಮೊದಲ ಗುಟುಕಿನಲ್ಲಿ ಮಂದೂರಿಯಾವನ್ನು ಮೀರಿಸುವುದು ಕಷ್ಟ. ಅಂಜೂರ, ಒಣ ಪ್ಲಮ್, ಬಾಯಿ ತುಂಬುವ ಮೆತ್ತನೆ. ಆದರೆ ಒರೆಕಿಯೆತ್ತೆ ಪಾಸ್ತಾಗೆ ಇಲ್ಲಿನವರು ಹಾಕುವ ಕಹಿ ಸೊಪ್ಪು, ಚೀಮೆ ದಿ ರಾಪ, ನಾಲಿಗೆಗೆ ತಾಗಿದೊಡನೆ ವೈನಿನ ಸಿಹಿ ಬೇರೆಯಾಗಿಯೇ ನಿಂತುಬಿಡುತ್ತದೆ. ತಟ್ಟೆ ಅರ್ಧ ಖಾಲಿಯಾಗುವಷ್ಟರಲ್ಲಿ ಲೋಟ ಸಾಕೆನಿಸುತ್ತದೆ. ಕೋಣೆ ಸೆಕೆಯಾಗಿದ್ದರಂತೂ ಬರೀ ಆಲ್ಕೋಹಾಲಿನ ಘಾಟು. 16 ಡಿಗ್ರಿಯ ಆಸುಪಾಸಿಗೆ ತಣ್ಣಗಾಗಿಸಿಯೇ ಬಡಿಸಬೇಕು.

ಜೋಯಾ ದೆಲ್ ಕೊಲ್ಲೆಯದೂ ಅದೇ ದ್ರಾಕ್ಷಿ. ಕ್ಯಾಲಿಫೋರ್ನಿಯಾದ ಜಿನ್‌ಫಂಡೆಲ್ ಕೂಡ ಇದೇ ತಳಿ ಎಂದು ಡಿಎನ್‌ಎ ಪರೀಕ್ಷೆಗಳು ತೋರಿಸಿವೆ. 18ನೇ ಶತಮಾನದ ಕೊನೆಯಲ್ಲಿ ಫ್ರಾಂಚೆಸ್ಕೊ ಇಂದೆಲ್ಲಿಕಾತಿ ಎಂಬ ಪಾದ್ರಿ ಈ ಬಳ್ಳಿಯನ್ನು ಆರಿಸಿ ಬೆಳೆಸಿದ್ದು ಈ ಊರಿನಲ್ಲೇ. ಮಂದೂರಿಯಾಕ್ಕೆ ಇದರ ಕಡ್ಡಿಗಳು ಆಮೇಲೆ ಮದುವೆಯ ಬಳುವಳಿಯಾಗಿ ಬಂದವೆಂದು ಹೇಳುತ್ತಾರೆ. ಜೋಯಾ ಇರುವುದು ಮುರ್ಜೆ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯಲ್ಲಿ, ಸುಮಾರು 350 ಮೀಟರ್ ಎತ್ತರದಲ್ಲಿ. ರಾತ್ರಿ ತಂಪಾಗುವುದರಿಂದ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ, ಆ ಹುಳಿಯೇ ಇಡೀ ವೈನನ್ನು ಎತ್ತಿ ಹಿಡಿಯುತ್ತದೆ. ಚೀಸ್ ತುಂಬಿ ಕೆಂಡದ ಮೇಲೆ ಸುಟ್ಟ ಹಂದಿಮಾಂಸದ ಸುರುಳಿಗಳಿಗೆ, ಅಂದರೆ ಬೊಂಬೆತ್ತೆಗೆ, ಮೂರರಲ್ಲಿ ಇದೇ ಸರಿ. ಜಿಡ್ಡು ಕತ್ತರಿಸಿ ಬಾಯಿ ಚೊಕ್ಕಟ ಮಾಡುತ್ತದೆ.

ಸಾಲಿಚೆ ಸಲೆಂತಿನೊ ಬೇರೆಯೇ ದ್ರಾಕ್ಷಿಯದು. ಕನಿಷ್ಠ ಮುಕ್ಕಾಲು ಪಾಲು ನೆಗ್ರೊಅಮಾರೊ. ಜೊತೆಗೆ ಮಾಲ್ವಾಸಿಯಾ ನೇರಾ ಎಂಬ ಇನ್ನೊಂದು ತಳಿ ಬೆರೆಸುವುದು ಹಳೆಯ ವಾಡಿಕೆ. ನೆಗ್ರೊಅಮಾರೊ ಪ್ರಿಮಿತಿವೊಗಿಂತ ವಾರಗಳಷ್ಟು ತಡವಾಗಿ ಮಾಗುತ್ತದೆ. ನೇರಳೆ ಹಣ್ಣಿನ ಒಗರು, ಒಣ ಹೊಗೆಸೊಪ್ಪಿನ ವಾಸನೆ, ನುಂಗಿದ ಮೇಲೆ ಸಣ್ಣ ಕಹಿ. ಸಿಹಿ ನಿರೀಕ್ಷಿಸಿದವರಿಗೆ ಮೊದಲು ಬಿಗುವೆನಿಸಬಹುದು. ಆದರೆ ಆ ಸೊಪ್ಪಿನ ಪಾಸ್ತಾ ಜೊತೆ ಕಹಿಗೆ ಕಹಿ ಜೋಡಿಯಾಗಿ ಎರಡೂ ಹದಕ್ಕೆ ಬರುತ್ತವೆ. ಟೊಮೆಟೊ ಸಾರಿನಲ್ಲಿ ಬೆಂದ ಮಾಂಸಕ್ಕೂ ಅಷ್ಟೇ ಚೆನ್ನ. ಬೆಲೆಯಲ್ಲೂ ಇದು ಹೆಚ್ಚಾಗಿ ಮಂದೂರಿಯಾಕ್ಕಿಂತ ಕೆಳಗೆ.

ದಿನದ ಊಟಕ್ಕೆ ಈಗ ನಾನು ತರುವುದು ಸಾಲಿಚೆ, ಕೆಂಡದ ಅಡುಗೆಯಿದ್ದ ದಿನ ಜೋಯಾ. ಮಂದೂರಿಯಾವನ್ನು ಬಿಟ್ಟಿಲ್ಲ, ಊಟ ಮುಗಿದ ಮೇಲೆ ಗಟ್ಟಿ ಚೀಸಿನ ಚೂರುಗಳ ಜೊತೆ, ಸಣ್ಣ ಲೋಟದಲ್ಲಿ ಕುಡಿಯುತ್ತೇನೆ.