ಮೊರದಲ್ಲಿ ಅಯಸ್ಕಾಂತದ ಬಿಲ್ಲೆಗಳು: ಎರಡೂವರೆ ವರ್ಷ ಬಳಸಿದ ಮೇಲೆ

ಈ ಆಟಿಕೆಯನ್ನು ಕೊಂಡಾಗ ನನ್ನ ಮೊಮ್ಮಗಳಿಗೆ ಮೂರು ವರ್ಷ ನಾಲ್ಕು ತಿಂಗಳು. ಇನ್ನೆರಡು ತಿಂಗಳು ಕಳೆದರೆ ಅವಳಿಗೆ ಆರು ತುಂಬುತ್ತದೆ. ಬಣ್ಣಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಗಳು, ಅಂಚಿನೊಳಗೆ ಪುಟ್ಟ ಅಯಸ್ಕಾಂತಗಳು, ಹತ್ತಿರ ತಂದರೆ ತಾವಾಗಿಯೇ ಕೂಡಿಕೊಳ್ಳುವ ಗುಣ, ಇವನ್ನೆಲ್ಲ ಕೊಳ್ಳಲು ಹೊರಟವರು ಚಿತ್ರದಲ್ಲಿಯೇ ನೋಡಿರುತ್ತಾರಾದ್ದರಿಂದ ಇಲ್ಲಿ ಮತ್ತೆ ವಿವರಿಸುವುದಿಲ್ಲ. ಪೆಟ್ಟಿಗೆಯ ಮೇಲಿದ್ದ ಇಂಗ್ಲಿಷ್ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ. ಮೊಮ್ಮಗಳು ಮೊದಲ ದಿನವೇ ‘ಟಕ್ ಬಿಲ್ಲೆ’ ಎಂದು ಕರೆದಳು, ಅದೇ ಉಳಿಯಿತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಪಿಂಚಣಿಯಲ್ಲಿ ತಿಂಗಳಿಗೆ 500 ರೂಪಾಯಿಯನ್ನು ಮೊಮ್ಮಕ್ಕಳ ಬಾಬತ್ತೆಂದು ತೆಗೆದಿಡುವ ಅಭ್ಯಾಸವಿದೆ. 64 ಬಿಲ್ಲೆಗಳ ಪೆಟ್ಟಿಗೆಗೆ ದೀಪಾವಳಿಯ ರಿಯಾಯಿತಿ ಕಳೆದು 3,400 ರೂಪಾಯಿ ಆದದ್ದರಿಂದ, ಹೆಚ್ಚುಕಡಿಮೆ ಏಳು ತಿಂಗಳ ಬಾಬತ್ತು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಅಷ್ಟು ಹಣಕ್ಕೆ ಚನ್ನಪಟ್ಟಣದ ಅರಗಿನ ಆಟಿಕೆಗಳು ಒಂದು ಬುಟ್ಟಿ ಬರುತ್ತಿದ್ದವು ಎಂದು ಮನೆಯಾಕೆ ಅಂದು ಹೇಳಿದ್ದನ್ನು ಇಂದಿಗೂ ಆಗಾಗ ನೆನಪಿಸುತ್ತಾರೆ. ಹೊರದೇಶದ ಹೆಸರಾಂತ ಪೆಟ್ಟಿಗೆಗಳ ಬೆಲೆಯನ್ನು ಕೇಳುವ ಹಾಗೆಯೇ ಇರಲಿಲ್ಲ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತ್ತು, 2023ರಲ್ಲಿ ಶೇ 70 ಆಯಿತು. ಆದ್ದರಿಂದ ನಾನು ಕೊಂಡದ್ದು ನಮ್ಮ ದೇಶದಲ್ಲಿಯೇ ತಯಾರಾದ, ಐಎಸ್‌ಐ ಗುರುತಿದ್ದ ಪೆಟ್ಟಿಗೆಯನ್ನು. ಆ ಗುರುತಿನ ಬೆಲೆ ನನಗೆ ಅಂದು ಗೊತ್ತಿರಲಿಲ್ಲ; ಅದು ತಿಳಿದದ್ದು ಎರಡನೆಯ ಪೆಟ್ಟಿಗೆ ಮನೆಗೆ ಬಂದ ಮೇಲೆ.

ನಮ್ಮದು ಮೈಸೂರಿನ ಹಳೆಯ ಮನೆ, ನಡುಮನೆಗೆ ಕೆಂಪು ಗಾರೆಯ ನೆಲ. ಬೆಳಗ್ಗೆ ಎಂಟರ ಸುಮಾರಿಗೆ ಪೂರ್ವದ ಕಿಟಕಿಯಿಂದ ಬಿಸಿಲು ಬಂದು ಅರ್ಧ ಗಂಟೆ ನೆಲದ ಮೇಲೆ ಇರುತ್ತದೆ. ಮೊಮ್ಮಗಳು ಹಾಲು ಕುಡಿದ ಲೋಟವನ್ನು ಕೆಳಗಿಡುವ ಮೊದಲೇ ಬಿಲ್ಲೆಗಳನ್ನು ತಂದು ಆ ಬಿಸಿಲಿನಲ್ಲಿ ಗೋಡೆಯಂತೆ ನಿಲ್ಲಿಸುತ್ತಾಳೆ. ಹಳದಿ ಬಿಲ್ಲೆಯ ನೆರಳು ಹಳದಿ, ನೀಲಿಯದು ನೀಲಿ, ಎರಡನ್ನು ಒಂದರ ಹಿಂದೊಂದು ಇಟ್ಟರೆ ಹಸಿರು. ನೆರಳೆಂದರೆ ಕಪ್ಪು ಎಂದೇ ತಿಳಿದಿದ್ದ ಮಗುವಿಗೆ ಇದು ಒಂದು ವಾರದ ಬೆರಗಾಯಿತು. ಬಿಸಿಲು ಸರಿದ ಹಾಗೆ ಗೋಡೆಯನ್ನೂ ಅಂಗುಲ ಅಂಗುಲವಾಗಿ ಸರಿಸುತ್ತಾ ಶಾಲೆಯ ಆಟೋ ಬರುವವರೆಗೂ ಅವಳು ಕುಳಿತಿರುತ್ತಾಳೆ. ಇದು ಪೆಟ್ಟಿಗೆಯ ಮೇಲೆ ಮುದ್ರಿಸಿದ ಹತ್ತು ಪ್ರಯೋಜನಗಳಲ್ಲಿ ಒಂದಾಗಿರಲಿಲ್ಲ.

ಗಣಿತದ ಮೇಷ್ಟರಿಗೆ ಬಾಯಿ ಮುಚ್ಚಿಕೊಂಡು ಕುಳಿತಿರುವುದು ಕಷ್ಟ. ಆದರೂ ಈ ಆಟಿಕೆಯ ಮುಂದೆ ನಾನು ಕಲಿತದ್ದು ಅದನ್ನೇ. ಆರು ಸಮಬಾಹು ತ್ರಿಭುಜಗಳನ್ನು ಒಂದು ಬಿಂದುವಿನ ಸುತ್ತ ಜೋಡಿಸಿ ಅವಳು ‘ಹೂವು’ ಎನ್ನುತ್ತಿದ್ದಳು. ಅರವತ್ತು ಡಿಗ್ರಿಯ ಆರು ಮೂಲೆಗಳು ಸೇರಿದರೆ ಪೂರ್ತಿ ಸುತ್ತು, ಹಾಗಾಗಿ ಹೂವು ನೆಲಕ್ಕೆ ಚಪ್ಪಟೆಯಾಗಿ ಮಲಗುತ್ತದೆ. ಒಂದು ದಿನ ಯಾವುದೋ ಗೋಪುರಕ್ಕೆ ತ್ರಿಭುಜ ಸಾಲದೆ ಹೂವಿನ ಒಂದು ದಳವನ್ನು ಕಿತ್ತಳು. ಉಳಿದ ಐದರ ನಡುವಿನ ಬಿರುಕು ಅವಳಿಗೆ ಸಹಿಸಲಿಲ್ಲ. ಎರಡೂ ತುದಿಯನ್ನು ಹಿಡಿದು ಎಳೆದಳು, ಟಕ್ ಎಂದು ಕೂಡಿಕೊಂಡಿತು, ಹೂವು ಎದ್ದು ಟೋಪಿಯಾಯಿತು. ‘ತಾತಾ, ಹೂವು ಎದ್ದೇಳ್ತು’ ಎಂದಳು. ನಾಲ್ಕಕ್ಕೆ ಇಳಿಸಿದರೆ ಟೋಪಿ ಇನ್ನೂ ಮೊನಚು, ಮೂರಕ್ಕೆ ಇಳಿಸಿದರೆ ಅದಕ್ಕಿಂತ ಮೊನಚು ಎಂಬುದನ್ನು ಕಂಡುಕೊಳ್ಳಲು ಅವಳಿಗೆ ಮೇಷ್ಟರ ಅಗತ್ಯ ಬೀಳಲಿಲ್ಲ.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಒಬ್ಬನೇ ಕುಳಿತು ಪ್ರತಿ ಮೂಲೆಯಲ್ಲಿಯೂ ಐದೈದು ಬರುವಂತೆ ತ್ರಿಭುಜಗಳನ್ನು ಸೇರಿಸುತ್ತಾ ಹೋದೆ. ಇಪ್ಪತ್ತನೆಯದು ಕೂಡಿದಾಗ ಚೆಂಡು ಮುಚ್ಚಿಕೊಂಡಿತು. ಪೆಟ್ಟಿಗೆಯಲ್ಲಿ ಸಮಬಾಹು ತ್ರಿಭುಜಗಳಿದ್ದದ್ದೂ ಸರಿಯಾಗಿ ಇಪ್ಪತ್ತೇ. ಇಪ್ಪತ್ತು ಮುಖಗಳ ಈ ಘನಾಕೃತಿಯನ್ನು ಹಿಂದಿನ ಅಂಚುಗಳಿಗೆ ಚುಕ್ಕೆಗೆರೆ ಎಳೆದು ಕರಿಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದೆ. ಎರಡು ಅಂಗೈಗಳ ನಡುವೆ ಹಿಡಿದು ತಿರುಗಿಸಿದ್ದು ಅದೇ ಮೊದಲು. ಬೆಳಗ್ಗೆ ಮೊಮ್ಮಗಳು ಅದನ್ನು ಕಾಲಿನಿಂದ ಒದ್ದು ಆಡಿದಳು.

ಅಡುಗೆಮನೆಯಲ್ಲಿ ನಡೆದದ್ದು ಇನ್ನೊಂದು ಕಥೆ. ಬಿಲ್ಲೆಯೊಂದನ್ನು ಹಿಡಿದು ಅವಳು ಪಾತ್ರೆಗಳಿಗೆ ತಾಗಿಸುತ್ತಾ ಹೊರಟಳು. ದೋಸೆಯ ಕಬ್ಬಿಣದ ಹಂಚಿಗೆ ಅಂಟಿತು. ಹಿತ್ತಾಳೆಯ ಚೊಂಬಿಗೂ ತಾಮ್ರದ ಬಿಂದಿಗೆಗೂ ಅಂಟಲಿಲ್ಲ. ಇಷ್ಟು ಸರಿ. ಆದರೆ ಒಂದೇ ಶೆಲ್ಫಿನಲ್ಲಿದ್ದ ಸ್ಟೀಲ್ ಪಾತ್ರೆಗಳಲ್ಲಿ ಕೆಲವಕ್ಕೆ ಅಂಟುವುದು, ಕೆಲವಕ್ಕೆ ಅಂಟದಿರುವುದು ಏಕೆ ಎಂದು ಕೇಳಿದಳು. ಸಾಕಷ್ಟು ನಿಕಲ್ ಬೆರೆತ ಸ್ಟೀಲಿನ ಒಳರಚನೆಯೇ ಬೇರೆಯಾಗಿ ಅದು ಅಯಸ್ಕಾಂತಕ್ಕೆ ಬಹುಮಟ್ಟಿಗೆ ಸೋಲುವುದಿಲ್ಲ, ನಿಕಲ್ ಇಲ್ಲದೆ ಕ್ರೋಮಿಯಂ ಬೆರೆತ ಸ್ಟೀಲು ಅಂಟಿಕೊಳ್ಳುತ್ತದೆ ಎಂಬುದನ್ನು ಐದು ವರ್ಷದ ಮಗುವಿಗೆ ಹೇಳುವ ಬಗೆ ನನಗೆ ತಿಳಿಯಲಿಲ್ಲ. ‘ಎರಡೂ ಸ್ಟೀಲೇ, ಆದರೆ ಹಿಟ್ಟು ಬೇರೆ’ ಎಂದೆ. ಇಡ್ಲಿ, ದೋಸೆ ಎರಡಕ್ಕೂ ಬೇರೆ ಬೇರೆ ಹಿಟ್ಟು ರುಬ್ಬುವ ಮನೆಯಾದ್ದರಿಂದ ಅವಳು ಒಪ್ಪಿಕೊಂಡಳು. ಮದುವೆಯಲ್ಲಿ ಬಂದ ಉಡುಗೊರೆಗಳ ಪೈಕಿ ಯಾರು ಯಾವ ಸ್ಟೀಲು ಕೊಟ್ಟಿದ್ದರೆಂಬುದನ್ನು ನಲವತ್ತು ವರ್ಷಗಳ ನಂತರ ಮನೆಯಾಕೆ ಪತ್ತೆ ಮಾಡಿದ್ದು ಬೇರೆ ವಿಷಯ.

ದಸರೆಯ ಗೊಂಬೆ ಹಬ್ಬಕ್ಕೆ ತನ್ನದೇ ಮೆಟ್ಟಿಲು ಕಟ್ಟುವೆನೆಂದು ಅವಳು ಹಟ ಹಿಡಿದಳು. ಈ ಬಿಲ್ಲೆಗಳ ಮಿತಿ ಕಂಡದ್ದು ಆಗ. ಎರಡು ಬಿಲ್ಲೆಗಳ ನಡುವಿನ ಕೂಡಿಕೆ ಗಟ್ಟಿ ಬೆಸುಗೆಯಲ್ಲ, ಬಾಗಿಲಿನ ಕೀಲಿನಂತೆ ಮಡಿಯುವಂಥದ್ದು. ನೇರ ಗೋಡೆ ಒಂಟಿಯಾಗಿ ನಿಲ್ಲುವುದಿಲ್ಲ, ಪಕ್ಕಕ್ಕೊಂದು ಮೂಲೆ ಕೊಟ್ಟರೆ ನಿಲ್ಲುತ್ತದೆ. ಮೂರು ಚೌಕದಗಲದ ಮೆಟ್ಟಿಲು ನಡುವೆ ಕಂಬ ಕೊಡದಿದ್ದರೆ ಕುಸಿಯುತ್ತದೆ. ಹಗುರವಾದ ಪ್ಲಾಸ್ಟಿಕ್ ಪ್ರಾಣಿಗಳು ನಿಂತವು, ಮಣ್ಣಿನ ಶೆಟ್ಟಿ ಕೂತ ಕೂಡಲೇ ಅಂಗಡಿ ಸಮೇತ ಉರುಳಿ ಕಿವಿ ಮುರಿದುಕೊಂಡ. ಕಂಬಕ್ಕೂ ಮೆಟ್ಟಿಲಿಗೂ ಬೇಕಾದದ್ದು ಚೌಕಗಳು. 64ರಲ್ಲಿ ಸಣ್ಣ ಚೌಕ 26 ಮಾತ್ರ ಇದ್ದು, ಉದ್ದ ಮೂತಿಯ ತ್ರಿಭುಜಗಳು ಯಾರಿಗೂ ಬೇಡವಾಗಿ ಬಿದ್ದಿದ್ದವು. ಬಿಡಿ ಚೌಕಗಳನ್ನು ತಯಾರಕರು ಮಾರುವುದಿಲ್ಲ. ಹೀಗಾಗಿ ಎರಡನೆಯ ಪೆಟ್ಟಿಗೆಯ ಮಾತು ಬಂದಿತು.

ಆ ತಪ್ಪು ನನ್ನದು. ಅದೇ ಅಳತೆ, ಅದೇ ಬಣ್ಣ, 48 ಬಿಲ್ಲೆಗಳಿಗೆ 1,150 ರೂಪಾಯಿ ಎಂದು ಆನ್‌ಲೈನಿನಲ್ಲಿ ಕಂಡಾಗ, ಮೊದಲನೆಯದಕ್ಕೆ ಸುಮ್ಮನೆ ಹೆಚ್ಚು ಕೊಟ್ಟೆನೆಂಬ ಕೊರಗೂ ಸೇರಿ ತರಿಸಿಬಿಟ್ಟೆ. ಕೈಗೆತ್ತಿಕೊಂಡಾಗಲೇ ಬಿಲ್ಲೆ ಹಗುರವೆನಿಸಿತು. ಸೆಳೆತವೂ ಕಡಿಮೆ, ‘ಟಕ್’ ಎನ್ನಬೇಕಾದಲ್ಲಿ ‘ಟಿಕ್’ ಎನ್ನುತ್ತಿತ್ತು. ಮೊಮ್ಮಗಳು ಎರಡು ದಿನದಲ್ಲಿ ಇವನ್ನು ‘ಸುಳ್ಳು ಬಿಲ್ಲೆ’ ಎಂದು ಬೇರ್ಪಡಿಸಿ ನೆಲಹಾಸಿಗೆ ಮಾತ್ರ ಬಳಸತೊಡಗಿದಳು. ನಾನು ಗಮನಿಸದೆ ಹೋದದ್ದು ಮೂಲೆಗಳನ್ನು. ಇಂಥ ಬಿಲ್ಲೆಯಲ್ಲಿ ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಅಯಸ್ಕಾಂತಗಳನ್ನು ಇಟ್ಟು, ಒಳ್ಳೆಯ ತಯಾರಕರು ಆ ಪದರಗಳನ್ನು ಶ್ರವಣಾತೀತ ಕಂಪನದಿಂದ ಬೆಸೆದು, ಮೂಲೆಗಳಿಗೆ ಲೋಹದ ರಿವೆಟ್ಟನ್ನೂ ಹೊಡೆದಿರುತ್ತಾರೆ. ನಮ್ಮ ಮೊದಲ ಪೆಟ್ಟಿಗೆಯಲ್ಲಿ ಅದು ಇತ್ತು. ಎರಡನೆಯದರಲ್ಲಿ ರಿವೆಟ್ ಇರಲಿಲ್ಲ, ಅಂಚಿನ ಬೆಸುಗೆಯೊಂದೇ ಗತಿ.

ಏಳು ತಿಂಗಳ ನಂತರ, ಕಳೆದ ಮೇ ತಿಂಗಳಿನಲ್ಲಿ, ರಾತ್ರಿ ಊಟದ ಹೊತ್ತಿಗೆ ಬಾಯಿ ತೆರೆದ ತ್ರಿಭುಜವೊಂದು ನನ್ನ ಕೈಗೆ ಸಿಕ್ಕಿತು. ಒಂದು ಅಂಚಿನ ಗೂಡು ಖಾಲಿ. ಉಳಿದ ಅಂಚುಗಳಲ್ಲಿ ಎರಡೆರಡು ಅಯಸ್ಕಾಂತಗಳಿದ್ದದ್ದರಿಂದ ಹೋದದ್ದೂ ಎರಡು ಎಂದು ತಿಳಿಯಿತು. ಅವು ದಪ್ಪದಲ್ಲಿ ಕಡಲೆಬೇಳೆಯಷ್ಟು, ಉದ್ದದಲ್ಲಿ ಬೆರಳಿನ ಉಗುರಿನಷ್ಟೂ ಇಲ್ಲ. ಮೊಮ್ಮಗನಿಗೆ ಆಗ ಹನ್ನೊಂದು ತಿಂಗಳು. ನೆಲದ ಮೇಲೆ ಸಿಕ್ಕಿದ್ದೆಲ್ಲ ಅವನ ಬಾಯಿಗೇ. ಮಗ ಪರಿಚಯದ ಮಕ್ಕಳ ವೈದ್ಯರಿಗೆ ಫೋನು ಮಾಡಿದ. ಅವರು ಹೇಳಿದ್ದನ್ನು ಎಲ್ಲ ತಂದೆತಾಯಿಯರೂ ತಿಳಿದಿರಬೇಕು. ನುಂಗಿದ್ದು ಒಂದೇ ಅಯಸ್ಕಾಂತವಾದರೆ ಅದು ತಾನಾಗಿ ಹೊರಗೆ ಹೋಗುವ ಸಾಧ್ಯತೆ ಇರುತ್ತದೆ. ಎರಡು ನುಂಗಿದರೆ ಕರುಳಿನ ಎರಡು ಬೇರೆ ಬೇರೆ ಸುತ್ತುಗಳಲ್ಲಿದ್ದುಕೊಂಡು ಒಂದನ್ನೊಂದು ಸೆಳೆಯಬಹುದು, ನಡುವೆ ಸಿಕ್ಕ ಕರುಳಿನ ಗೋಡೆ ಅದುಮಿ ಹೋಗಿ ರಕ್ತಸಂಚಾರ ನಿಂತು ತೂತು ಬೀಳಬಹುದು, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಮೊದಲಿಗೆ ಮಗು ಆರಾಮವಾಗಿಯೇ ಕಾಣಬಹುದು, ಹಾಗಾಗಿ ಲಕ್ಷಣ ಕಾಣಿಸಲೆಂದು ಕಾಯಬೇಡಿ, ಈಗಲೇ ಹುಡುಕಿ, ಎರಡರಲ್ಲಿ ಒಂದು ಸಿಗದಿದ್ದರೂ ಎಕ್ಸ್‌ರೇಗೆ ಕರೆತನ್ನಿ ಎಂದರು.

ಸೊಸೆ ಮಗುವನ್ನು ಎತ್ತಿಕೊಂಡು ಹೊರಡಲು ಸಿದ್ಧಳಾದಳು. ನಾವು ಚಾಪೆ ಕೊಡವಿದೆವು, ಗುಡಿಸಿದೆವು, ಟಾರ್ಚು ಹಿಡಿದು ಮಂಚದ ಕೆಳಗೆ ತೂರಿದೆವು. ದಾರಿ ತೋರಿಸಿದ್ದು ಮೊಮ್ಮಗಳು. ‘ನಿಜದ ಬಿಲ್ಲೆ’ಯೊಂದನ್ನು ತಂದು ನೆಲದ ಮೇಲೆ ಇಸ್ತ್ರಿ ಪೆಟ್ಟಿಗೆಯಂತೆ ಎಳೆಯತೊಡಗಿದಳು. ಬೀರುವಿನ ಅಡಿಯ ಧೂಳಿನೊಳಗಿನಿಂದ ಒಂದು ಅಯಸ್ಕಾಂತ ತಾನೇ ನೆಗೆದು ಬಂದು ಅಂಟಿತು. ಎರಡನೆಯದು ಹೊಲಿಗೆ ಯಂತ್ರದ ಕಬ್ಬಿಣದ ಕಾಲಿಗೆ ಅಂಟಿಕೊಂಡಿತ್ತು. ಹುಡುಕಲು ಹಿಡಿದ ಸಮಯ ನಲವತ್ತು ನಿಮಿಷ. ಅಷ್ಟು ಹೊತ್ತು ಮೊಮ್ಮಗ ಸೊಸೆಯ ಹೆಗಲ ಮೇಲೆ ನಗುತ್ತಿದ್ದ, ಆ ನಗುವನ್ನು ನೋಡಲಾಗುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಮಾರಾಟಗಾರರಿಗೆ ಚಿತ್ರ ಸಮೇತ ಬರೆದೆ. ಹಿಂದಿರುಗಿಸುವ ಅವಧಿ ಮುಗಿದಿದೆ, ಬೇಕಾದರೆ ಮುಂದಿನ ಖರೀದಿಗೆ ರಿಯಾಯಿತಿ ಕೊಡುತ್ತೇವೆ ಎಂಬ ಉತ್ತರ ಬಂದಿತು. ನಾನು ಹಣ ಕೇಳಿಯೇ ಇರಲಿಲ್ಲ. ಆ ಮಾಲನ್ನು ಮಾರುವುದನ್ನು ನಿಲ್ಲಿಸಿ ಎಂದಿದ್ದೆ. ಆಮೇಲೆ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ ಐಎಸ್‌ಐ ಗುರುತೇ ಇಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಅದರ ಹಿಂದಿರುವ ಐಎಸ್ 9873 ಮಾನಕದಲ್ಲಿ ಅಯಸ್ಕಾಂತಗಳಿಗೆಂದೇ ಪರೀಕ್ಷೆಗಳಿವೆ: ಎಳೆದು, ಬೀಳಿಸಿ ನೋಡಿದ ಮೇಲೂ ನುಂಗಬಹುದಾದ ಗಾತ್ರದ ಅಯಸ್ಕಾಂತ ಹೊರಬರಬಾರದು, ಬಂದರೆ ಅದರ ಸೆಳೆತ ಒಂದು ಮಿತಿಯನ್ನು ದಾಟಿರಬಾರದು. ಗುರುತಿನೊಂದಿಗೆ ಮುದ್ರಿಸಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಎಂಬ ಆ್ಯಪ್‌ನಲ್ಲಿ ಹಾಕಿದರೆ ಅದು ಅಸಲಿಯೋ ನಕಲಿಯೋ ತಿಳಿಯುತ್ತದೆ. ಕೊಳ್ಳುವ ಮೊದಲು ಎರಡು ನಿಮಿಷದಲ್ಲಿ ಮಾಡಬಹುದಾಗಿದ್ದ ಕೆಲಸವಿದು. ಅಂಗಡಿಯಲ್ಲಿ ತೂಕದ ಬಟ್ಟನ್ನು ತಿರುಗಿಸಿ ಮುದ್ರೆ ನೋಡುವ ನಾನು, ಮೊಮ್ಮಕ್ಕಳ ಆಟಿಕೆಯ ಪೆಟ್ಟಿಗೆಯನ್ನು ತಿರುಗಿಸಿರಲಿಲ್ಲ.

ಅಂದೇ ಎರಡನೆಯ ಪೆಟ್ಟಿಗೆಯನ್ನು ಮನೆಯಿಂದ ಹೊರಗೆ ಹಾಕಿದೆ. ಯಾರಿಗೂ ದಾನ ಕೊಡಲಿಲ್ಲ. ಮೊದಲನೆಯದನ್ನೂ ಹಾಕಿಬಿಡಿ ಎಂದು ಸೊಸೆ ಹೇಳಿದಾಗ ತಪ್ಪೆನ್ನಲು ನನ್ನ ಬಳಿ ಮಾತಿರಲಿಲ್ಲ. ಎರಡು ತಿಂಗಳು ಅದು ಅಟ್ಟದ ಮೇಲಿತ್ತು. ಕೆಳಗೆ ಇಳಿಸುವ ಉಪಾಯ ಹುಡುಕಿದ್ದು ಮನೆಯಾಕೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ದಿನವೂ ಇವನ್ನು ಆರಿಸಿದರೆ ಆಯಿತಲ್ಲ ಎಂದರು.

ಈಗ ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳು, ಅವಳ ಅಜ್ಜಿ ಇಬ್ಬರೂ ಮೊರವನ್ನು ನಡುವೆ ಇಟ್ಟುಕೊಂಡು ಕೂರುತ್ತಾರೆ. ಒಂದೊಂದೇ ಬಿಲ್ಲೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಅಂಚಿನುದ್ದಕ್ಕೂ ನೋಡುತ್ತಾರೆ, ಮೂಲೆಗಳನ್ನು ಉಗುರಿನಿಂದ ಮೀಟುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಗಲಗಲ ಎನ್ನುವುದು ದೋಷವಲ್ಲ. ಅಯಸ್ಕಾಂತಗಳು ಗೂಡಿನೊಳಗೆ ಉರುಳಾಡುವಂತೆ ಸಡಿಲವಾಗಿರುವುದರಿಂದಲೇ ಯಾವ ಅಂಚನ್ನು ಯಾವ ಅಂಚಿಗೆ ತಂದರೂ ತಾವೇ ಹೊರಳಿ ಸೆಳೆಯುತ್ತವೆ, ದೂಡುವುದಿಲ್ಲ. ಗಲಗಲ ಎನ್ನದ ಅಂಚನ್ನೇ ಎರಡನೆಯ ಸಲ ನೋಡಬೇಕು. ನೋಡಿ ಮುಗಿದದ್ದು ಮೊರದಿಂದ ಡಬ್ಬಕ್ಕೆ, ಡಬ್ಬ ಬೀರುವಿನ ಮೇಲಕ್ಕೆ. ಮೊಮ್ಮಗ ಎಚ್ಚರವಾಗಿದ್ದು ನೆಲದ ಮೇಲಿರುವಾಗ ಡಬ್ಬ ಇಳಿಯುವುದಿಲ್ಲ. ಬೆಳಗಿನ ಬಿಸಿಲಿನ ಆಟಕ್ಕೂ ಅವನು ಮಲಗಿದ್ದರಷ್ಟೇ ಅವಕಾಶ. ಅವನಿಗೆ ಇನ್ನೊಂದು ತಿಂಗಳಿಗೆ ಎರಡು ವರ್ಷ. ಮೂರು ತುಂಬುವವರೆಗೆ ಈ ಕಟ್ಟಳೆ ಸಡಿಲವಾಗುವುದಿಲ್ಲ.

ಮೊದಲ ಪೆಟ್ಟಿಗೆಯ ಬಿಲ್ಲೆಗಳ ಮೇಲೆ ಗಾರೆ ನೆಲದ ಗೀರುಗಳು ಬಿದ್ದು ಹೊಳಪು ಮಾಸಿದೆ, ನೆರಳಿನ ಬಣ್ಣ ಮೊದಲಿನಷ್ಟು ತಿಳಿಯಾಗಿಲ್ಲ. ಆದರೆ ಎರಡೂವರೆ ವರ್ಷದಲ್ಲಿ ಒಂದು ಬೆಸುಗೆಯೂ ಬಿಟ್ಟಿಲ್ಲ, ಒಂದು ರಿವೆಟ್ಟೂ ಅಲುಗಿಲ್ಲ. ದಿನಕ್ಕೆ ನಾಲ್ಕು ರೂಪಾಯಿಗಿಂತ ಕಡಿಮೆ ಬಿದ್ದಿದೆ ಎಂದು ಲೆಕ್ಕ ಹಾಕಿ ತೋರಿಸಿದ ಮೇಲೆ ಮನೆಯಾಕೆ ಚನ್ನಪಟ್ಟಣದ ಮಾತನ್ನು ಸ್ವಲ್ಪ ತಗ್ಗಿಸಿದ್ದಾರೆ. ತೆವಳುವ ಮಗುವಿರುವ ಮನೆಯವರು ಇದನ್ನು ಈಗ ಕೊಳ್ಳಬೇಡಿ. ದೊಡ್ಡ ಮಕ್ಕಳಷ್ಟೇ ಇದ್ದರೆ ಹೆಚ್ಚು ಬಿಲ್ಲೆಗಳ ಅಗ್ಗದ ಪೆಟ್ಟಿಗೆಗಿಂತ ರಿವೆಟ್ ಇರುವ ಚಿಕ್ಕ ಪೆಟ್ಟಿಗೆ ತೆಗೆದುಕೊಳ್ಳಿ, ಚೌಕ ಎಷ್ಟಿವೆ ಎಂದು ಎಣಿಸಿಯೇ ತೆಗೆದುಕೊಳ್ಳಿ.

ಸಂಜೆಯ ಎಣಿಕೆಗೆ ಈಗ ಮೊರದಲ್ಲಿ ಬರುವುದು 63. ಒಂದು ಹಸಿರು ಚೌಕ ಗ್ಯಾಸಿನ ಚೀಟಿಯನ್ನು ಹಿಡಿದುಕೊಂಡು ಫ್ರಿಜ್ಜಿನ ಮೇಲ್ಭಾಗದಲ್ಲಿ ಅಂಟಿದೆ, ಅದನ್ನು ಬಿಟ್ಟುಕೊಡಲು ಮನೆಯಾಕೆ ಒಪ್ಪುವುದಿಲ್ಲ. ಮೊಮ್ಮಗಳು ಎದ್ದು ಹೋಗಿ, ಕುರ್ಚಿ ಹತ್ತಿ ಅದರ ಮೂಲೆಗಳನ್ನೂ ಉಗುರಿನಿಂದ ಮೀಟಿ ನೋಡಿ ಬಂದು, ಅರವತ್ತನಾಲ್ಕು ಎನ್ನುತ್ತಾಳೆ.