ಮರಾಂಟ್ಜ್ ರಿಸೀವರ್‌ಗೆ ಎಲ್‌ಇಡಿ ಫ್ಯೂಸ್ ಲ್ಯಾಂಪ್: ಕಾರವಾರದ ಉಪ್ಪುಗಾಳಿಯಲ್ಲಿ ಕೆಲವು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಹಳೆ ರಿಸೀವರ್‌ನ ಡಯಲ್ ಬೆಳಗಿಸುವ ಈ ಎಲ್‌ಇಡಿ ದೀಪ ಚೆನ್ನಾಗಿದೆ, ತಗೊಳ್ಳಬಹುದು. ಆದರೆ ಕಾರವಾರ, ಅಂಕೋಲಾ, ಕುಮಟಾ ಕಡೆಯವರು ದೀಪಕ್ಕೆ ದುಡ್ಡು ಹಾಕುವ ಮೊದಲು ಅದು ಕೂರುವ ಕ್ಲಿಪ್ ಒಮ್ಮೆ ನೋಡಿ. ನಮ್ಮ ಕಡೆ ಎಷ್ಟೋ ಸಲ ಸತ್ತಿರುವುದು ಬಲ್ಬ್ ಅಲ್ಲ, ಕ್ಲಿಪ್.

ನನ್ನದು ಮರಾಂಟ್ಜ್ 2270. 1970ರ ದಶಕದ ರಿಸೀವರ್, ಅಂದರೆ ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ; ಚಾನಲ್‌ಗೆ 70 ವ್ಯಾಟ್. ಚಿಕ್ಕಪ್ಪ ಕುವೈತ್‌ನಿಂದ ಹೊತ್ತು ತಂದಿದ್ದು. ಈ ಸಾಲಿನ ಮರಾಂಟ್ಜ್ ನೋಡಿದವರಿಗೆ ಆ ನೀಲಿ ಡಯಲ್ ಮರೆಯುವುದಿಲ್ಲ. ಆ ನೀಲಿ ಬಲ್ಬಿನದ್ದಲ್ಲ. ಒಳಗಿರುವುದು ಗಾಜಿನ ಫ್ಯೂಸ್ ಆಕಾರದ, ಹಳದಿ ಬೆಳಕಿನ 8 ವೋಲ್ಟ್ ತಂತಿ ಬಲ್ಬ್. ಬಣ್ಣ ಕೊಡುವುದು ಅದರ ಮುಂದಿರುವ ಫಿಲ್ಟರ್. ಇದು ಗೊತ್ತಿಲ್ಲದೆ ಕೆಲವರು ನೀಲಿ ಎಲ್‌ಇಡಿ ಹಾಕಿಬಿಡುತ್ತಾರೆ. ಆಮೇಲೆ ಡಯಲ್ ಅನ್ನೋದು ಐಸ್‌ಕ್ರೀಂ ಅಂಗಡಿ ಬೋರ್ಡ್ ಆಗುತ್ತದೆ. ಕೂಲ್ ವೈಟ್ ಹಾಕಿದರೂ ಹೆಚ್ಚು ಕಡಿಮೆ ಅದೇ ಕಥೆ. ವಾರ್ಮ್ ವೈಟ್ ಮಾತ್ರ ತಗೊಳ್ಳಿ. ಹಳೆಯ ಬಣ್ಣಕ್ಕೆ ಹತ್ತಿರ ಬರುವುದು ಅದೊಂದೇ.

ತಂತಿ ಬಲ್ಬ್ ಯಾಕೆ ಪದೇ ಪದೇ ಹೋಗುತ್ತದೆ? ವೋಲ್ಟೇಜ್. ನನ್ನ ಸೆಟ್ಟಿನ ಟ್ರಾನ್ಸ್‌ಫಾರ್ಮರ್ 220ಕ್ಕೆ ಇದೆ. ನಮ್ಮ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಮಲ್ಟಿಮೀಟರ್ ಹಿಡಿದರೆ 240 ತೋರಿಸುತ್ತದೆ. ಆಗ 8 ವೋಲ್ಟ್ ಬಲ್ಬಿಗೆ ಸಿಗುವುದು 8.7. ಅಷ್ಟೇ ತಾನೆ ಅನ್ನಬೇಡಿ. ತಂತಿ ಬಲ್ಬಿನ ಆಯಸ್ಸು ವೋಲ್ಟೇಜಿನ ಸುಮಾರು 12ನೇ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ಶೇಕಡಾ 9ರಷ್ಟು ಜಾಸ್ತಿ ಕೊಟ್ಟರೆ ಆಯಸ್ಸು ಮೂರನೇ ಒಂದು ಭಾಗಕ್ಕೆ ಬರುತ್ತದೆ. ಐದು ಪರ್ಸೆಂಟ್ ಕಡಿಮೆ ಕೊಟ್ಟರೆ ಹತ್ತಿರ ಹತ್ತಿರ ಎರಡು ಪಟ್ಟು ಬಾಳುತ್ತದೆ. ತಂತಿ ಬಲ್ಬೇ ಬೇಕು ಅನ್ನುವವರು ಸೀರೀಸ್‌ನಲ್ಲಿ ಒಂದೆರಡು ಓಮ್ ರೆಸಿಸ್ಟರ್ ಹಾಕಿಕೊಳ್ಳಿ. ಬೆಳಕು ಸ್ವಲ್ಪ ಮಂಕಾಗುತ್ತದೆ, ನೋಡಲು ಇನ್ನೂ ಚೆಂದ.

ಇನ್ನೊಂದು ಕಾರಣ ಬಿಸಿ. 8 ವೋಲ್ಟ್, 0.3 ಆಂಪಿಯರ್ ಅಂದರೆ ಒಂದೊಂದು ಬಲ್ಬಿಗೆ 2.4 ವ್ಯಾಟ್. ಡಯಲ್ ಹಿಂದೆ ಅಂಥವು ಸಾಲಾಗಿ ಕೂತಿರುತ್ತವೆ. ನಾಲ್ಕೈದು ದಶಕ ಹೀಗೆ ಕಾದ ಮೇಲೆ ಬೆಳಕು ಹರಡುವ ಕಾಗದ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತದೆ. ನನ್ನದರಲ್ಲಿ ಪ್ರತಿ ಬಲ್ಬಿನ ಮುಂದೆ ಹಪ್ಪಳ ಸೀದಂತೆ ಒಂದೊಂದು ಗುರುತು ಇತ್ತು. ಎಲ್‌ಇಡಿಯಲ್ಲಿ ಈ ತಲೆನೋವಿಲ್ಲ, ಅರ್ಧ ವ್ಯಾಟ್ ಕೂಡ ತಿನ್ನುವುದಿಲ್ಲ. ನಾನು ಬದಲಾಯಿಸಿದ್ದು ಮುಖ್ಯವಾಗಿ ಇದಕ್ಕೆ. ಹಳೆ ಬಲ್ಬ್ ಇನ್ನೂ ಸಿಗಬಹುದು, ಆ ಡಯಲ್ ಮತ್ತೆ ಸಿಗುವುದಿಲ್ಲ ಅಲ್ವಾ?

ಕೊಳ್ಳುವಾಗ ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟ್) ಅಂತ ಬರೆದಿದೆಯೇ ನೋಡಿ. ಈ ಸೆಟ್ಟಿನಲ್ಲಿ ದೀಪಕ್ಕೆ ಬರುವುದು ನೇರ ಟ್ರಾನ್ಸ್‌ಫಾರ್ಮರ್‌ನ ಎಸಿ. ಕಾರಿನ ಒಳದೀಪದ ಎಲ್‌ಇಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು 12 ವೋಲ್ಟ್ ಡಿಸಿಯದು (ಒಂದೇ ದಿಕ್ಕಿನ ಕರೆಂಟ್), ತುದಿಯೂ ಚೂಪು. ಎಸಿಗೆ ಹಾಕಿದರೆ ಉರಿದರೂ ಕಣ್ಣಿಗೆ ಹೊಡೆಯುವಷ್ಟು ಮಿಣುಕುತ್ತದೆ. ನಾನು ತರಿಸಿದ್ದರಲ್ಲಿ ಒಳಗೇ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಇತ್ತು. ಅದರ ಏರಿಳಿತ ಸಮ ಮಾಡುವ ಕೆಪಾಸಿಟರ್ ಇರಲಿಲ್ಲ. ಹಾಗಾಗಿ ಸೆಕೆಂಡಿಗೆ 100 ಸಲ ಮಿಣುಕು ಇದ್ದೇ ಇದೆ. ಸುಮ್ನೆ ಕೂತು ನೋಡಿದರೆ ಗೊತ್ತಾಗುವುದಿಲ್ಲ. ಟ್ಯೂನಿಂಗ್ ಚಕ್ರವನ್ನು ಬೆರಳಿನಿಂದ ಜೋರಾಗಿ ಉರುಳಿಸಿ ನೋಡಿ, ಮುಳ್ಳು ಜಾರುವ ಬದಲು ಹೆಜ್ಜೆ ಹೆಜ್ಜೆಯಾಗಿ ಕುಪ್ಪಳಿಸಿದಂತೆ ಕಾಣುತ್ತದೆ. ಎಎಂನಲ್ಲಿ ದೂರದ ಸ್ಟೇಷನ್ ಹಿಡಿಯುವಾಗ ಸಣ್ಣ ಗುರ್ ಸದ್ದೂ ಸೇರಿಕೊಂಡಿತು. ಕಾರವಾರ ಆಕಾಶವಾಣಿಯ ಎಫ್‌ಎಂಗೆ ಏನೂ ಆಗಿಲ್ಲ.

ಮತ್ತೊಂದು ಕಿರಿಕಿರಿ: ಕೆಲವು ಲ್ಯಾಂಪಿನಲ್ಲಿ ಎಲ್‌ಇಡಿ ಒಂದೇ ಬದಿಗೆ ಇರುತ್ತದೆ. ಸ್ಟೇಷನ್ ಎಷ್ಟು ಬಲವಾಗಿ ಬರುತ್ತಿದೆ ಎಂದು ತೋರಿಸುವ ಸಿಗ್ನಲ್ ಮೀಟರ್ ಹಿಂದೆ ಹಾಕಿದಾಗ ಎಲ್‌ಇಡಿ ಗೋಡೆ ಕಡೆ ಮುಖ ಮಾಡಿದರೆ ಮೀಟರ್ ಕತ್ತಲು. ಕ್ಲಿಪ್ಪಿನಲ್ಲೇ ತಿರುಗಿಸಿ ಸರಿ ಮಾಡಬೇಕು. ಡಯಲ್ ಮೇಲೆ ಅಲ್ಲಲ್ಲಿ ಬೆಳಕಿನ ಚುಕ್ಕೆಯೂ ಬಂತು. ಸ್ಟೇಷನರಿ ಅಂಗಡಿಯ ಟ್ರೇಸಿಂಗ್ ಪೇಪರ್ ಎರಡು ಪದರ ಹಾಕಿದೆ, ಹೋಯಿತು. ಪುಡಿಯಾದ ಹಳೆ ಕಾಗದಕ್ಕೂ ಅದೇ ಬದಲಿ.

ಈಗ ಕ್ಲಿಪ್ ವಿಷಯ. ನಮ್ಮ ಮನೆ ಕೋಡಿಬಾಗ ಕಡೆ, ಕಾಳಿ ನದಿ ಸಮುದ್ರ ಸೇರುವಲ್ಲಿಂದ ದೂರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹಿತ್ತಾಳೆ ಕ್ಲಿಪ್ಪಿನ ಪಾಡೇನು? ದೀಪ ಹಾಕಿದ ಮೊದಲ ಮಳೆಗಾಲದಲ್ಲೇ ಎರಡು ಲ್ಯಾಂಪ್ ಆಗಾಗ ಕಣ್ಣು ಮಿಟುಕಿಸಲು ಶುರು ಮಾಡಿದವು. ಅಂಗಡಿಯವರಿಗೆ ಬರೆದರೆ ‘ವೋಲ್ಟೇಜ್ ಚೆಕ್ ಮಾಡಿ’ ಅಂತ ಒಂದು ಸಾಲು, ಆಮೇಲೆ ಸುದ್ದಿಯೇ ಇಲ್ಲ. ತೆಗೆದು ನೋಡಿದರೆ ಕ್ಲಿಪ್ಪಿನ ಒಳಬದಿ ಹಸಿರು ಕಿಲುಬು. ತಂತಿ ಬಲ್ಬು 300 ಮಿಲಿಆಂಪಿಯರ್ ಎಳೆಯುತ್ತಿತ್ತು. ತೆಳು ಕಿಲುಬು ಇದ್ದರೂ ಅಷ್ಟು ಕರೆಂಟ್ ದಾರಿ ಮಾಡಿಕೊಂಡು ಹೋಗುತ್ತಿತ್ತು. ಎಲ್‌ಇಡಿ ಎಳೆಯುವುದು ಅದರ ಹತ್ತನೇ ಒಂದು ಭಾಗವೂ ಇಲ್ಲ, ಸಣ್ಣ ಪದರ ಕಟ್ಟಿದರೂ ನಿಂತುಬಿಡುತ್ತದೆ. ಬಲ್ಬಿನ ಬಿಸಿ ಇದ್ದಾಗ ಒಳಗೆ ಥಂಡಿಯೂ ಕಡಿಮೆ ಇತ್ತೋ ಏನೋ ಅನ್ನುವುದು ನನ್ನ ಗುಮಾನಿ.

ಪ್ಲಗ್ ಕಿತ್ತು, ಒಳಗಿನ ದೊಡ್ಡ ಕೆಪಾಸಿಟರ್ ಖಾಲಿಯಾಗಲು ಬಿಟ್ಟು, ಪೆನ್ಸಿಲ್ ರಬ್ಬರನ್ನು ಸಣ್ಣಗೆ ಕತ್ತರಿಸಿ ಕ್ಲಿಪ್ ಒಳಗೆ ಉಜ್ಜಿದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ನೋಸ್ ಪ್ಲೈಯರ್‌ನಲ್ಲಿ ಕ್ಲಿಪ್ಪಿನ ಬಾಯಿ ಸ್ವಲ್ಪ ಬಿಗಿ ಮಾಡಿದೆ. ಆಮೇಲೆ ತೆಳ್ಳಗೆ ವ್ಯಾಸಲಿನ್. ಈಗ ಪ್ರತಿ ಮೇ ತಿಂಗಳಲ್ಲಿ ಇದೊಂದು ಕೆಲಸ, ಹಂಚು ಕೈಯಾಡಿಸುವಾಗಲೇ ಇದನ್ನೂ ಮುಗಿಸುತ್ತೇನೆ. ಆಮೇಲೆ ಒಂದೂ ಲ್ಯಾಂಪ್ ಕೈಕೊಟ್ಟಿಲ್ಲ. ಘಟ್ಟದ ಮೇಲಿನ ಶಿರಸಿಯ ಗೆಳೆಯನೊಬ್ಬ ಇದೇ ದೀಪಗಳನ್ನು ಹಾಕಿದ್ದಾನೆ. ಅವನಲ್ಲೂ ಮಳೆ ಕಡಿಮೆ ಏನಲ್ಲ, ಆದರೆ ಗಾಳಿಯಲ್ಲಿ ಉಪ್ಪಿಲ್ಲ. ಅವನು ಕ್ಲಿಪ್ ಮುಟ್ಟಿಯೇ ಇಲ್ಲ.

ರಿಪೇರಿಗೆ ಕೊಡುವವರಿಗೆ ಒಂದು ಮಾತು. ಆಕಾರ ನೋಡಿ ಯಾರಾದರೂ ಆ ಕ್ಲಿಪ್ಪಿಗೆ ನಿಜವಾದ ಫ್ಯೂಸನ್ನೇ ಹಾಕಿದರೆ ದೀಪಕ್ಕೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಸುರುಳಿ (ವೈಂಡಿಂಗ್) ಶಾರ್ಟ್ ಆಗುತ್ತದೆ. ಫ್ಯೂಸ್ ಸುಟ್ಟರೆ ಪುಣ್ಯ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಸೆಟ್ಟೇ ಮೂಲೆಗೆ. ಮೊದಲೇ ಬಾಯಿಬಿಟ್ಟು ಹೇಳಿಬಿಡಿ.

ಸ್ಟೀರಿಯೋ ಸೂಚಕ ದೀಪವನ್ನು ಮಾತ್ರ ನಾನು ಬದಲಾಯಿಸಿಲ್ಲ. ಅದನ್ನು ಉರಿಸುವ ಸರ್ಕ್ಯೂಟ್ ತಂತಿ ಬಲ್ಬಿನ ಲೆಕ್ಕದಲ್ಲಿ ಮಾಡಿದ್ದು. ಎಲ್‌ಇಡಿ ಕಟ್ಟಿ ನೋಡಿದಾಗ ಸ್ಟೇಷನ್ ಇಲ್ಲದಿದ್ದರೂ ಮಿಣಿಮಿಣಿ ಉರಿಯುತ್ತಿತ್ತು. ಅಲ್ಲಿ ಹಳೆ ಬಲ್ಬೇ ಇದೆ, ಹುಬ್ಬಳ್ಳಿಯಿಂದ ತಂದ ಇನ್ನೊಂದು ಡ್ರಾಯರ್‌ನಲ್ಲಿದೆ.